ಮನೆಯೊಳಗೆ ಮುದ್ರಿತವಾದ ಗಿಟಾರು

ವಿದ್ಯುತ್ ಗಿಟಾರನ್ನು ಗಣಕಯಂತ್ರಕ್ಕೆ ಜೋಡಿಸಿ, ತಾನೊಬ್ಬನೇ ನಾಲ್ಕಾರು ಬಾರಿ ನುಡಿಸಿ, ಆ ನಾದಗಳನ್ನೆಲ್ಲ ಹೆಣೆದು, ಸಂಜೆಯೊಳಗೆ ಒಂದು ವಾದ್ಯಗೋಷ್ಠಿಯನ್ನೇ ಕಟ್ಟಿಬಿಡುವ ತರುಣನು ತಮ್ಮ ಮನೆಯಲ್ಲಿಯೂ ಇರಬಹುದು. ಬೆರಳು ತಪ್ಪಿದರೆ ಅವನಿಗೆ ಚಿಂತೆಯಿಲ್ಲ. ಆ ಭಾಗವನ್ನಷ್ಟೇ ಅಳಿಸಿ ಮತ್ತೆ ನುಡಿಸುತ್ತಾನೆ. ಆದರೆ ಒಂದು ತಪ್ಪಿಗೆ ಇಡೀ ಹಾಡನ್ನೇ ತೆರಬೇಕಾಗಿದ್ದ ಕಾಲವೊಂದಿತ್ತು. ಅದನ್ನು ದಾಟಿ ಬಂದ ಬಗೆ ಸ್ವಾರಸ್ಯವಾದುದು. ಅದರಲ್ಲಿ ರೇಡಿಯೋದ ಪಾಲೂ ಉಂಟು.

ವೀಣೆಯ ತಂತಿಯನ್ನು ಮೀಟಿದರೆ ಕೊಡವು ಅನುರಣಿಸಿ ನಾದ ಹೊರಡುತ್ತದೆ. ವಿದ್ಯುತ್ ಗಿಟಾರಿನ ಮರ್ಮವೇ ಬೇರೆ. ಅದರ ಉಕ್ಕಿನ ತಂತಿಗಳ ಬಳಿ ಅಯಸ್ಕಾಂತವೂ ತಾಮ್ರದ ಸುರುಳಿಯೂ ಇರುತ್ತವೆ. ತಂತಿ ನಡುಗಿದಂತೆ ಸುರುಳಿಯಲ್ಲಿ ಅತಿ ಕ್ಷೀಣವಾದ ವಿದ್ಯುತ್ತು ಹರಿಯುತ್ತದೆ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಬೀಚಮ್ 1931ರಲ್ಲಿ ಇಂತಹ ಗಿಟಾರಿನ ಮಾದರಿಯನ್ನು ಸಿದ್ಧಪಡಿಸಿದನು. ಇದನ್ನು ಮುದ್ರಿಸಲು ಮೈಕ್ರೋಫೋನೂ ಬೇಡ, ನಿಶ್ಶಬ್ದವಾದ ಕೊಠಡಿಯೂ ಬೇಡ. ಮನೆಯ ಮುದ್ರಣಕ್ಕೆಂದೇ ಹುಟ್ಟಿದ ವಾದ್ಯವೆಂದರೂ ಸಲ್ಲುತ್ತದೆ.

ಆದರೆ ಮುದ್ರಿಸುವುದು ಯಾವುದರ ಮೇಲೆ? ಜರ್ಮನಿಯ ಎ.ಇ.ಜಿ. ಸಂಸ್ಥೆ 1935ರ ಬರ್ಲಿನ್ ರೇಡಿಯೋ ಪ್ರದರ್ಶನದಲ್ಲಿ ಮ್ಯಾಗ್ನೆಟೋಫೋನ್ ಎಂಬ ಟೇಪು ಯಂತ್ರವನ್ನು ತೋರಿಸಿತು. (ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಬಿತ್ತರಿಸತೊಡಗಿದ್ದೂ ಅದೇ ವರ್ಷ.) ಯುದ್ಧ ಮುಗಿದಾಗ ಜ್ಯಾಕ್ ಮಲ್ಲಿನ್ ಎಂಬ ಅಮೆರಿಕದ ಸೈನ್ಯಾಧಿಕಾರಿ ಅಂತಹ ಎರಡು ಯಂತ್ರಗಳನ್ನು ಬಿಡಿಬಿಡಿಯಾಗಿ ಸ್ವದೇಶಕ್ಕೆ ಸಾಗಿಸಿದನು. ರೇಡಿಯೋದಲ್ಲಿ ವಾರವಾರವೂ ನೇರವಾಗಿ ಹಾಡಿ ಬೇಸತ್ತಿದ್ದ ಬಿಂಗ್ ಕ್ರಾಸ್ಬಿ ಅವನನ್ನು ಕರೆಸಿಕೊಂಡನು. 1947ರಲ್ಲಿ ಕ್ರಾಸ್ಬಿಯ ಕಾರ್ಯಕ್ರಮ ಟೇಪಿಗೇರಿತು.

ಇದೇ ಕ್ರಾಸ್ಬಿ 1949ರಲ್ಲಿ ತನ್ನ ಗೆಳೆಯ ಲೆಸ್ ಪಾಲ್‌ಗೆ ಆಂಪೆಕ್ಸ್ ಕಂಪೆನಿಯ ಟೇಪು ಯಂತ್ರವೊಂದನ್ನು ಕೊಟ್ಟನು. ಲೆಸ್ ಪಾಲ್ ಗಿಟಾರುವಾದಕ. ಯಂತ್ರ ಕಂಡರೆ ಬಿಚ್ಚದೆ ಇರಲಾರದವನು. ಹಾಲಿವುಡ್ಡಿನ ತನ್ನ ಗ್ಯಾರೇಜಿನಲ್ಲಿ ತಟ್ಟೆಯಿಂದ ತಟ್ಟೆಗೆ ಮುದ್ರಿಸುತ್ತ ತನ್ನದೇ ಗಿಟಾರನ್ನು ಪದರಪದರವಾಗಿ ಪೇರಿಸಿದ್ದ ಅವನು, ಈ ಯಂತ್ರಕ್ಕೆ ನಾದವನ್ನು ಓದುವ ಇನ್ನೊಂದು ತಲೆಯನ್ನು ಜೋಡಿಸಿದನು. ಹಳೆಯ ನಾದವನ್ನು ಆ ತಲೆ ಓದುತ್ತದೆ. ವಾದಕ ಅದನ್ನು ಕೇಳುತ್ತ ಹೊಸದನ್ನು ನುಡಿಸುತ್ತಾನೆ. ಎರಡೂ ಬೆರೆತು ಅದೇ ಟೇಪಿನ ಮೇಲೆ ಮತ್ತೆ ಮುದ್ರಿತವಾಗುತ್ತವೆ. ಆದರೆ ಬೆರೆಯುವ ಮೊದಲಿನ ಹಳೆಯದು ಅಳಿದುಹೋಗುತ್ತದೆ! ಹತ್ತು ಪದರಗಳು ಸರಿಬಂದು ಹನ್ನೊಂದನೆಯದರಲ್ಲಿ ಒಂದು ಸ್ವರ ಜಾರಿತೆಂದರೆ, ಹತ್ತೂ ಹಾಳು. ಪಲ್ಲವಿಯಿಂದ ಪುನಃ ಆರಂಭ. ಪ್ರತಿಯಿಂದ ಪ್ರತಿಗೆ ಟೇಪಿನ ಹಿಸ್ಸೆಂಬ ಸದ್ದೂ ಬೆಳೆಯುತ್ತದೆಯಾದ್ದರಿಂದ ಮುಖ್ಯವಾದುದನ್ನು ಕಡೆಗೆ ಉಳಿಸಿಕೊಳ್ಳಬೇಕು. ಅಂದಮೇಲೆ ಹಾಡಿನ ಸಮಗ್ರ ರೂಪ ಮೊದಲೇ ಮನಸ್ಸಿನಲ್ಲಿ ನಿಂತಿರಬೇಕಷ್ಟೆ. ಲೆಸ್ ಪಾಲನೂ ಪತ್ನಿ ಮೇರಿ ಫೋರ್ಡಳೂ ಮನೆಯಲ್ಲಿಯೇ ಹೀಗೆ ಕಟ್ಟಿದ 'ಹೌ ಹೈ ದ ಮೂನ್' 1951ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಒಂಬತ್ತು ವಾರ ಅಗ್ರಸ್ಥಾನದಲ್ಲಿತ್ತು.

1957ರಲ್ಲಿ ಆಂಪೆಕ್ಸ್ ಅವನಿಗೆ ಎಂಟು ಪಥಗಳ ಯಂತ್ರ ಮಾಡಿಕೊಟ್ಟಿತು. ಒಂದು ಪಥದಲ್ಲಿ ತಪ್ಪಿದರೆ ಉಳಿದ ಏಳು ಕ್ಷೇಮ. ಇಂದಿನ ಗಣಕದ ಪರದೆಯಲ್ಲಿ ಒಂದರ ಕೆಳಗೊಂದು ಕಾಣುವ ಸಾಲುಗಳು ಇವುಗಳ ಸಂತತಿಯೇ. ಅದೇ 1957ರಲ್ಲಿ ಬೆಲ್ ಪ್ರಯೋಗಾಲಯದ ಮ್ಯಾಕ್ಸ್ ಮ್ಯಾಥ್ಯೂಸ್ ಗಣಕದಿಂದ ಸಂಗೀತ ನುಡಿಸಿದ್ದನು.

ಗಣಕವಾದರೋ ನಾದವನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಯಾಗಿಸುತ್ತದೆ. ಅಂಕಿಗೆ ಸವೆತವಿಲ್ಲ, ಹಿಸ್ಸೂ ಇಲ್ಲ. ಗಿಟಾರಿಗೂ ಗಣಕಕ್ಕೂ ನಡುವೆ ಒಂದು ಚಿಕ್ಕ ಪೆಟ್ಟಿಗೆ ಬೇಕು; ಇಲ್ಲದಿದ್ದರೆ ನಾದ ಮಂಕಾಗುತ್ತದೆ. 1990ರ ದಶಕದಿಂದೀಚೆಗೆ ಧ್ವನಿವರ್ಧಕದ ಗರ್ಜನೆಯನ್ನೂ ಗಣಕವೇ ಅನುಕರಿಸುತ್ತಿದೆ. ಬರಿಯ ತಂತಿಯ ನಾದವನ್ನು ಮುದ್ರಿಸಿ, ಅದರ ಬಣ್ಣವನ್ನು ನಾಳೆ ಆರಿಸಿಕೊಳ್ಳಬಹುದು; ನೆರೆಯವರ ನಿದ್ರೆಗೂ ಭಂಗವಿಲ್ಲ. ಆದರೆ ಹೀಗೆ ಎಲ್ಲವನ್ನೂ ನಾಳೆಗೆ ಬಿಡುವವನು ಹಾಡು ಮುಗಿಸುವುದು ಯಾವಾಗ ಎಂಬ ಸಂದೇಹ ನನಗುಂಟು.

ಲೆಸ್ ಪಾಲ್ 2009ರಲ್ಲಿ, ತನ್ನ 94ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಸಂಧಿವಾತದಿಂದ ಬೆರಳುಗಳು ಸೆಟೆದುಕೊಂಡಿದ್ದರೂ ಕೊನೆಯ ವರ್ಷಗಳಲ್ಲಿ ಸೋಮವಾರದ ರಾತ್ರಿಗಳಂದು ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಜನರೆದುರು ಕುಳಿತು ನುಡಿಸುತ್ತಿದ್ದನು.