ಹೆಜ್ಜೆ ಸದ್ದು ಯಾವ ಕಡೆಯಿಂದ? ಗೇಮಿಂಗ್ ಹೆಡ್‌ಫೋನ್ ಕೊಳ್ಳುವ ಮುನ್ನ ತಿಳಿಯಬೇಕಾದ್ದು

ಗೋವಿನಕೋವಿಯ ಹುಡುಗನಿರಲಿ, ಬೆಂಗಳೂರಿನವನಿರಲಿ, ಬಿಜಿಎಂಐ ಆಡುವವರಿಗೆ ಇದು ಗೊತ್ತು: ಎದುರಾಳಿ ಕಣ್ಣಿಗೆ ಬೀಳೋ ಮೊದಲೇ ಅವನ ಹೆಜ್ಜೆ ಸದ್ದು ಕಿವಿಗೆ ಬೀಳುತ್ತದೆ. ಅದಕ್ಕಾಗಿ ಮನೆಯಲ್ಲಿ ಕಾಡಿ ಬೇಡಿ, ‘7.1 ಸರೌಂಡ್’ ಅಂತ ಬರೆದ ಹೆಡ್‌ಸೆಟ್‌ಗೆ ಎರಡು–ಮೂರು ಸಾವಿರ ಸುರಿಯುವವರಿದ್ದಾರೆ. ಆದರೆ ದಿಕ್ಕು ತಪ್ಪೋದು ಬಹಳ ಸಲ ಹೆಡ್‌ಸೆಟ್ ಅಗ್ಗದ್ದು ಅನ್ನೋ ಕಾರಣಕ್ಕಲ್ಲ. ಎಡ–ಬಲ ಕಿವಿಗೆ ಹೋಗುವ ಸದ್ದಿನ ವ್ಯತ್ಯಾಸ ದಾರಿಯಲ್ಲೆಲ್ಲೋ ಅಳಿಸಿಹೋಗಿರುತ್ತದೆ.

ಕಿವಿಯ ಲೆಕ್ಕ

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ತೋಟದಲ್ಲಿ ನಿಮ್ಮ ಬಲಕ್ಕೆ ತೆಂಗಿನ ಗರಿ ಬಿದ್ದರೆ, ಸದ್ದು ಎಡಗಿವಿಗೆ ಮುಟ್ಟೋದು ಸುಮಾರು 0.6ರಿಂದ 0.7 ಮಿಲಿಸೆಕೆಂಡ್ ತಡವಾಗಿ. ತಲೆ ಅಡ್ಡ ಬರುವುದರಿಂದ ಅಲ್ಲಿ ಸದ್ದು ಸ್ವಲ್ಪ ಕಡಿಮೆಯೂ ಆಗುತ್ತದೆ. ಈ ಎರಡು ವ್ಯತ್ಯಾಸದಿಂದಲೇ ಮಿದುಳು ಎಡ–ಬಲ ಗುರುತಿಸುತ್ತದೆ ಎಂದು ಬ್ರಿಟನ್ನಿನ ವಿಜ್ಞಾನಿ ಲಾರ್ಡ್ ರೇಲಿ 1907ರಲ್ಲೇ ವಿವರಿಸಿದ್ದರು.

ಹಿಂದೆ–ಮುಂದೆ ತಿಳಿಯೋದು ಕಷ್ಟ. ಸದ್ದು ನೇರ ಹಿಂದಿನಿಂದ ಬಂದರೂ ಮುಂದಿನಿಂದ ಬಂದರೂ ಎರಡೂ ಕಿವಿಗೆ ಒಟ್ಟಿಗೇ ಮುಟ್ಟುತ್ತದೆ. ಆಗ ನೆರವಾಗೋದು ಹೊರಗಿವಿಯ ಮಡಿಕೆಗಳು. ಅವು ಸದ್ದಿನ ಬಣ್ಣವನ್ನು ದಿಕ್ಕಿಗೆ ತಕ್ಕಂತೆ ಬದಲಿಸುತ್ತವೆ. ಈ ಬದಲಾವಣೆಯನ್ನು ಗೇಮ್‌ಗಳು ‘ಎಚ್‌ಆರ್‌ಟಿಎಫ್’ ಎಂಬ ಲೆಕ್ಕದಿಂದ ಅನುಕರಿಸುತ್ತವೆ. ವ್ಯಾಲರಂಟ್ ಇದನ್ನು 2021ರಲ್ಲಿ ತಂದಿತು. ಲೆಕ್ಕ ಸಾಮಾನ್ಯವಾಗಿ ಸರಾಸರಿ ಕಿವಿಯದ್ದು, ನಿಮ್ಮದಲ್ಲ. ಹಾಗಾಗಿ ಕೆಲವರಿಗೆ ಹಿಂದೆ–ಮುಂದೆ ಅದಲುಬದಲಾಗುತ್ತದೆ. ಅನುಮಾನ ಬಂದರೆ ಆಟದಲ್ಲಿ ನೋಟವನ್ನು ಸ್ವಲ್ಪ ತಿರುಗಿಸಿ. ಸದ್ದು ಯಾವ ಕಿವಿಗೆ ಸರಿಯಿತು ಅನ್ನೋದೇ ಉತ್ತರ.

ದಿಕ್ಕು ಎಲ್ಲಿ ಕಳೆಯುತ್ತದೆ?

ಬ್ಲೂಟೂತ್ ಮೈಕ್: ನೆಕ್‌ಬ್ಯಾಂಡ್‌ನ ಮೈಕ್ ಆನ್ ಮಾಡಿ ಗೆಳೆಯರ ಜೊತೆ ಮಾತಾಡುತ್ತಾ ಆಡಿದರೆ, ಹಳೇ ಮಾದರಿಯ ಬ್ಲೂಟೂತ್ ಫೋನ್ ಕರೆಯ ಮೋಡ್‌ಗೆ ಇಳಿಯುತ್ತದೆ. ಅಲ್ಲಿ ಎಡ–ಬಲ ಎರಡೂ ಒಂದೇ. ದಿಕ್ಕು ಪೂರ್ತಿ ಹೋಯಿತು! ಎಲ್‌ಇ ಆಡಿಯೊ ಇದನ್ನು ಸರಿಪಡಿಸಬಲ್ಲದು, ಆದರೆ ಫೋನ್ ಮತ್ತು ಇಯರ್‌ಫೋನ್ ಎರಡರಲ್ಲೂ ಅದು ಇರಬೇಕು.

ತಡ: ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು 150–250 ಮಿಲಿಸೆಕೆಂಡ್ ತಡವಾಗೋದುಂಟು. ದಿಕ್ಕು ಸರಿಯಿದ್ದರೂ ಎದುರಾಳಿ ಅಷ್ಟರಲ್ಲಿ ಜಾಗ ಬದಲಿಸಿರುತ್ತಾನೆ. ವೈರ್ ಇಯರ್‌ಫೋನ್‌ನಲ್ಲಿ ಈ ತೊಂದರೆ ಇಲ್ಲ.

ಸೆಟ್ಟಿಂಗ್: ಆಂಡ್ರಾಯ್ಡ್‌ನ ಆಕ್ಸೆಸಿಬಿಲಿಟಿಯಲ್ಲಿ ‘ಮೋನೊ ಆಡಿಯೊ’ ಆಫ್ ಇರಲಿ, ಬ್ಯಾಲೆನ್ಸ್ ನಡುವೆ ಇರಲಿ.

ಕಿವಿಯ ರಬ್ಬರ್: ಒಂದು ಕಡೆ ಸಡಿಲವಾದರೆ ಬೇಸ್ ಸೋರಿ, ಸದ್ದು ಇನ್ನೊಂದು ಕಡೆಗೆ ವಾಲುತ್ತದೆ.

7.1: ಇಂಥ ಬಹುಪಾಲು ಹೆಡ್‌ಸೆಟ್‌ಗಳಲ್ಲಿ ಕಿವಿಗೊಂದೇ ಸ್ಪೀಕರ್, ಉಳಿದದ್ದು ಸಾಫ್ಟ್‌ವೇರ್. ಗೇಮ್‌ನ ಎಚ್‌ಆರ್‌ಟಿಎಫ್ ಮೇಲೆ ಇದನ್ನೂ ಹಾಕಿದರೆ ಸದ್ದು ಕಲಸಿಹೋಗುತ್ತದೆ. ಎರಡರಲ್ಲಿ ಒಂದು ಸಾಕು.

ಹಾಗಾದರೆ ಏನು ಕೊಳ್ಳಬೇಕು?

ಎರಡೂ ಕಡೆ ಸಮನಾಗಿ ಕೇಳುವ, ಕಿವಿಗೆ ಸರಿಯಾಗಿ ಕೂರುವ ಸಾಧಾರಣ ವೈರ್ ಇಯರ್‌ಫೋನ್ ಸಾಕು. ಫೋನ್‌ನಲ್ಲಿ 3.5 ಎಂಎಂ ಜಾಕ್ ಇಲ್ಲದಿದ್ದರೆ ಫೋನಿಗೆ ಹೊಂದುವ ಟೈಪ್‌–ಸಿ ಇಯರ್‌ಫೋನ್ ತಗೊಳ್ಳಿ. ಅಂಗಡಿಯಲ್ಲೇ ಯೂಟ್ಯೂಬ್‌ನ ‘ಲೆಫ್ಟ್–ರೈಟ್ ಟೆಸ್ಟ್’ ಹಾಕಿ ನೋಡಿ. ಬೇಸ್ ಜಾಸ್ತಿ ಇದೆ ಅಂತ ಮರುಳಾಗಬೇಡಿ. ಸ್ಫೋಟದ ಗುಡುಗು ಹೆಜ್ಜೆ ಸದ್ದನ್ನು ಮುಚ್ಚಿಬಿಡುತ್ತದೆ.

ಹೆಜ್ಜೆ ಕೇಳಲಿ ಅಂತ ವಾಲ್ಯೂಮ್ ಏರಿಸುವವರು ಇದನ್ನು ಮರೆಯಬಾರದು: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ಸುರಕ್ಷಿತ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್, ಮಕ್ಕಳಿಗೆ 75. ಗುಂಡಿನ ಸದ್ದು ಹೆಜ್ಜೆಗಿಂತ ಎಷ್ಟೋ ಜೋರು. ಆಟ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ವಾಲ್ಯೂಮ್ ಇಳಿಸಿ, ಅದು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ಹಾಳಾದ ಒಳಗಿವಿಯ ಕೂದಲ ಕೋಶಗಳು ಮತ್ತೆ ಬೆಳೆಯಲ್ಲ.