ಮೂಳೆಗೆ ಹಾಕುವ ಸ್ಕ್ರೂ



ನಮ್ಮ ಮಡಕಶಿರಾ ಸೀಮೆಯಲ್ಲಿ ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ ಮನೆಯಲ್ಲಿ ಮೊದಲು ಬರುವ ಮಾತು, ‘ಆಸ್ಪತ್ರೆಯೋ, ಪುತ್ತೂರು ಕಟ್ಟೋ?’ ಎಂಬುದು. ಆಪರೇಷನ್ ಎಂದ ಕೂಡಲೇ ಹಿರಿಯರು, ‘ಮೈಯೊಳಗೆ ಕಬ್ಬಿಣ ಇಟ್ಟರೆ ತುಕ್ಕು ಹಿಡಿಯುವುದಿಲ್ಲವೇ? ಮೂಳೆ ಕೊಳೆಯುವುದಿಲ್ಲವೇ?’ ಎಂದು ಕೇಳುತ್ತಾರೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ವೈದ್ಯನಲ್ಲ. ನಮ್ಮ ಮನೆಯವರ ಕಾಲಿಗೆ ಸ್ಕ್ರೂ ಹಾಕಬೇಕೆಂದಾಗ ನನಗೂ ಇದೇ ಭಯವಿತ್ತು. ಆಮೇಲೆ ಓದಿ ತಿಳಿದದ್ದು ಇಷ್ಟು: ಹಿರಿಯರ ಭಯ ಸುಳ್ಳಲ್ಲ, ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. ಅದು ಹೇಗೆ ನೀಗಿತೆಂಬುದನ್ನು ಇಲ್ಲಿ ಹೇಳುತ್ತೇನೆ.

1886ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಕಾರ್ಲ್ ಹಾನ್ಸ್‌ಮನ್ ಎಂಬ ವೈದ್ಯರು ಮುರಿದ ಮೂಳೆಗೆ ಲೋಹದ ಪಟ್ಟಿ ಇಟ್ಟು ಸ್ಕ್ರೂ ಹಾಕಿದ ರೀತಿಯನ್ನು ಪ್ರಕಟಿಸಿದರು. ಆ ಸ್ಕ್ರೂಗಳ ಬಾಲ ಚರ್ಮದಿಂದ ಹೊರಗೆ ಚಾಚಿಕೊಂಡಿರುತ್ತಿತ್ತು. ಕೆಲವು ವಾರಗಳ ನಂತರ ಮತ್ತೆ ಕೊಯ್ಯದೆ ತೆಗೆಯಲು ಅನುಕೂಲವಾಗಲೆಂದು ಹಾಗೆ ಮಾಡಿದ್ದರು. 1890ರ ದಶಕದಲ್ಲಿ ಲಂಡನ್ನಿನ ಅರ್ಬತ್‌ನಾಟ್ ಲೇನ್ ಅವರು ಬಡಗಿಗಳು ಮರಕ್ಕೆ ಹಾಕುವಂಥ ಸ್ಕ್ರೂಗಳನ್ನೇ ಬಳಸಿದರು. ನಂಜಾಗದಂತೆ ಗಾಯದೊಳಗೆ ಕೈಬೆರಳೂ ತಾಗಿಸದೆ, ಉದ್ದ ಹಿಡಿಯ ಸಲಕರಣೆಗಳಿಂದಲೇ ಕೆಲಸ ಮಾಡುತ್ತಿದ್ದರು.

ಆದರೆ ಮರದ ಗುಣವೇ ಬೇರೆ, ಮೂಳೆಯ ಗುಣವೇ ಬೇರೆ. ಮರದ ಸ್ಕ್ರೂ ತುದಿಗೆ ಹೋದಂತೆ ಸಪೂರವಾಗುತ್ತದೆ. ನಾರನ್ನು ಪಕ್ಕಕ್ಕೆ ಒತ್ತಿ ಒಳಗೆ ಹೋಗುತ್ತದೆ. ಮೂಳೆಯ ಗಟ್ಟಿ ಹೊರಕವಚದಲ್ಲಿ ಒತ್ತಲು ಜಾಗವೆಲ್ಲಿ? ಸ್ಕ್ರೂ ಬೆಣೆಯಂತಾಗಿ ಮೂಳೆಯೇ ಸೀಳಬಹುದು. ಅಮೆರಿಕದ ಕಾರ್ನೆಗೀ ಉಕ್ಕಿನ ಕಂಪನಿಯ ವೈದ್ಯರಾಗಿದ್ದ ಶರ್ಮನ್ ಅವರು 1912ರಲ್ಲಿ ಇದನ್ನು ತಿದ್ದಿ, ಯಂತ್ರದ ಸ್ಕ್ರೂವಿನಂತೆ ಉದ್ದಕ್ಕೂ ಒಂದೇ ದಪ್ಪವಿರುವ, ತಾನೇ ಕೊರೆದುಕೊಂಡು ಹೋಗುವ ಸ್ಕ್ರೂ ತಂದರು. ಹಿಡಿತವೇನೋ ಚೆನ್ನಾಯಿತು. ಆದರೆ ಅವರು ಆರಿಸಿದ ವೆನೇಡಿಯಂ ಉಕ್ಕು ಮೈಯೊಳಗೆ ತುಕ್ಕು ಹಿಡಿಯಿತು.

ಕಾರಣ ತಿಳಿದದ್ದು 1937ರಲ್ಲಿ. ಟೆಕ್ಸಾಸಿನ ವೆನಬಲ್ ಮತ್ತು ಸ್ಟಕ್ ಎಂಬ ವೈದ್ಯರು ನಾಯಿಗಳ ಮೂಳೆಯಲ್ಲಿ ಬೇರೆ ಬೇರೆ ಲೋಹಗಳನ್ನಿಟ್ಟು ಪರೀಕ್ಷಿಸಿದರು. ನಮ್ಮ ದೇಹದ ದ್ರವ ಉಪ್ಪುನೀರಿನಂಥದು. ಅದರಲ್ಲಿ ಎರಡು ಬಗೆಯ ಲೋಹ ಕೂಡಿದರೆ ಬ್ಯಾಟರಿಯಂತೆ ವಿದ್ಯುತ್ ಹರಿದು ಲೋಹ ಸವೆಯುತ್ತದೆ, ಸುತ್ತಲ ಮೂಳೆಯೂ ಕೆಡುತ್ತದೆ. ಕೋಬಾಲ್ಟ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ವಿಟಾಲಿಯಂ ಮಾತ್ರ ಇದನ್ನು ತಾಳಿಕೊಂಡಿತು. ಮುಂದೆ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್, ಟೈಟೇನಿಯಂ ಬಂದವು. ತುಕ್ಕಿನ ಭಯ ನೀಗಿದ್ದು ಹೀಗೆ.

ಇನ್ನು ಸ್ಕ್ರೂವಿನ ಆಕಾರ. ಇಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್‌ನ ರಾಬರ್ಟ್ ಡಾನಿಸ್ ಅವರನ್ನು ನೆನೆಯಬೇಕು. ಬೋಲ್ಟು, ನಟ್ಟು ಎರಡೂ ಉಕ್ಕಿನವಾದರೆ ಬಲ ಸಮ ಸಮ. ಮೂಳೆಯಲ್ಲಿ ಹಾಗಲ್ಲ, ಸ್ಕ್ರೂ ಬಲಶಾಲಿ, ಮೂಳೆ ದುರ್ಬಲ. ಆದ್ದರಿಂದ ಥ್ರೆಡ್ಡಿನ ಸುತ್ತುಗಳ ನಡುವೆ ಮೂಳೆಗೇ ಹೆಚ್ಚು ಜಾಗ ಬಿಡಬೇಕೆಂದರು. ಯಂತ್ರದ ಸ್ಕ್ರೂವಿನಲ್ಲಿ ಹೊರ ಅಳತೆಗೂ ನಡುದಂಡದ ಅಳತೆಗೂ 4:3ರ ಪ್ರಮಾಣವಿದ್ದರೆ, ಮೂಳೆಯ ಸ್ಕ್ರೂವಿಗೆ 3:2 ಇರಲಿ ಎಂದರು. ಎಳೆತ ಬೀಳುವ ಕಡೆ ಥ್ರೆಡ್ಡಿನ ಮುಖ ಇಳಿಜಾರಾಗಿರದೆ ಹೆಚ್ಚುಕಡಿಮೆ ನೇರವಾಗಿರಬೇಕು, ಆಗ ಅದು ಮೂಳೆಯನ್ನು ಪಕ್ಕಕ್ಕೆ ತಳ್ಳುವುದಿಲ್ಲ ಎಂದೂ ತೋರಿಸಿದರು. ಅವರ ಗ್ರಂಥ 1949ರಲ್ಲಿ ಬಂತು.

1950ರಲ್ಲಿ ಸ್ವಿಟ್ಜರ್‌ಲೆಂಡಿನ ಯುವ ವೈದ್ಯ ಮಾರಿಸ್ ಮ್ಯುಲರ್ ಡಾನಿಸರನ್ನು ಕಂಡು ಬೆರಗಾದರು. 1958ರಲ್ಲಿ ಅವರೂ ಸಂಗಡಿಗರೂ ಬೀಲ್ ನಗರದಲ್ಲಿ ‘ಎ.ಓ.’ ಎಂಬ ಸಂಘ ಕಟ್ಟಿದರು. ಬೆಟ್‌ಲಾಕ್ ಊರಿನಲ್ಲಿ ಕಾರ್ಖಾನೆ ಇಟ್ಟುಕೊಂಡಿದ್ದ ರಾಬರ್ಟ್ ಮಾಥಿಸ್ ಅವರಿಗೆ ಬೇಕಾದ ಸ್ಕ್ರೂಗಳನ್ನು ಮಾಡಿಕೊಟ್ಟರು. ಹೊರ ಅಳತೆ 4.5 ಮಿ.ಮೀ., ನಡುದಂಡ 3 ಮಿ.ಮೀ. ಲೆಕ್ಕ ಹಾಕಿ ನೋಡಿ, ಡಾನಿಸರ 3:2 ಪ್ರಮಾಣವೇ! ಸ್ಕ್ರೂಡ್ರೈವರ್ ಜಾರದಂತೆ ತಲೆಯಲ್ಲಿ ಆರು ಮೂಲೆಯ ಗುಳಿ. ಮೂಳೆಯ ತುದಿಯ ಸ್ಪಂಜಿನಂಥ ಭಾಗಕ್ಕೆ ಅಗಲ ಥ್ರೆಡ್ಡಿನ 6.5 ಮಿ.ಮೀ. ಸ್ಕ್ರೂ ಬೇರೆ. ಗುಮಾಸ್ತನಾದ ನನಗೆ ಹಿಡಿಸಿದ್ದು ಇನ್ನೊಂದು: ಮಾಡಿದ ಆಪರೇಷನ್‌ಗಳ ಎಕ್ಸ್‌ರೇಯನ್ನೂ ಫಲಿತಾಂಶವನ್ನೂ ಅವರು ಒಂದೇ ಕಡೆ ದಾಖಲೆ ಮಾಡಿಟ್ಟರು. ಗುಣವಾದದ್ದನ್ನು ಮಾತ್ರವಲ್ಲ, ಕೆಟ್ಟದ್ದನ್ನೂ ಬರೆದರು.

ವಯಸ್ಸಾದವರ ಟೊಳ್ಳು ಮೂಳೆಯಲ್ಲಿ ಈ ಸ್ಕ್ರೂಗಳೂ ಸಡಿಲವಾಗುತ್ತಿದ್ದವು. ಅದಕ್ಕಾಗಿ 2000ದ ಸುಮಾರಿಗೆ ತಲೆಯಲ್ಲೂ ಥ್ರೆಡ್ ಇರುವ, ಪಟ್ಟಿಗೇ ಬಿಗಿಯಾಗಿ ಕಚ್ಚಿಕೊಳ್ಳುವ ಸ್ಕ್ರೂಗಳು ಬಳಕೆಗೆ ಬಂದವು.

ಬಂಧುಗಳೇ, ಕೊನೆಗೆ ಒಂದು ಮಾತು. ಸ್ಕ್ರೂ ಎಷ್ಟೇ ಒಳ್ಳೆಯದಾದರೂ ಅದು ಮೂಳೆ ಕೂಡುವವರೆಗಿನ ಆಸರೆ ಮಾತ್ರ. ಕೂಡುವ ಮೊದಲೇ ಭಾರ ಹಾಕಿ ನಡೆದರೆ, ತಂತಿಯನ್ನು ಮತ್ತೆ ಮತ್ತೆ ಬಾಗಿಸಿದಾಗ ತುಂಡಾಗುವಂತೆ ಅದೂ ಮುರಿಯಬಹುದು. ಹಿರಿಯರಿಗೆ ತುಕ್ಕಿನ ಭಯ ಈಗ ಬೇಡವೆನ್ನಿ. ಆದರೆ ವೈದ್ಯರು ಹೇಳಿದ ದಿನದವರೆಗೆ ಕಾಲೂರದಂತೆ ನೋಡಿಕೊಳ್ಳಿ. ಮೂಳೆಯನ್ನು ಕೂಡಿಸುವುದು ಲೋಹವಲ್ಲ, ಮೂಳೆಯೇ.