ತೀವ್ರ ತಲೆನೋವು ಮತ್ತು ನರಪರೀಕ್ಷೆಯ ಚಿಹ್ನೆಗಳು

(ಬಂಗಾರಪೇಟೆ ಹಾಗೂ ಕೆ.ಜಿ.ಎಫ್. ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ತಲೆನೋವುಗಳಲ್ಲಿ ಬಹುಪಾಲು ಅಪಾಯಕಾರಿಯಲ್ಲ. ಆದರೆ ಹಠಾತ್ತನೆ ಆರಂಭವಾಗುವ ಅಥವಾ ಜ್ವರದೊಡನೆ ಬರುವ ತೀವ್ರ ತಲೆನೋವು ಮೆದುಳುಪೊರೆಯ ಉರಿಯೂತದ ಇಲ್ಲವೇ ಮೆದುಳಿನ ಸುತ್ತಲಿನ ರಕ್ತಸ್ರಾವದ ಲಕ್ಷಣವಾಗಿರಬಹುದು.

ವೈದ್ಯರು ಪರೀಕ್ಷಿಸುವ ಚಿಹ್ನೆಗಳು:

1. ಕರ್ನಿಗ್ ಚಿಹ್ನೆ: ತೊಡೆಯನ್ನು ಮೇಲಕ್ಕೆ ಮಡಿಸಿ ಮೊಣಕಾಲನ್ನು ನೇರಗೊಳಿಸುವಾಗ ನೋವು ಉಂಟಾಗುವುದು.
2. ಬ್ರುಡ್ಜಿನ್‌ಸ್ಕಿ ಚಿಹ್ನೆ: ಕತ್ತನ್ನು ಎದೆಯತ್ತ ಬಾಗಿಸಿದಾಗ ಮೊಣಕಾಲುಗಳು ತಾವಾಗಿಯೇ ಮಡಚಿಕೊಳ್ಳುವುದು. ಇವೆರಡೂ ಮೆದುಳುಪೊರೆಯ ಕೆರಳಿಕೆಯನ್ನು ಸೂಚಿಸುತ್ತವೆ.
3. ಬಾಬಿನ್‌ಸ್ಕಿ ಚಿಹ್ನೆ: ಅಂಗಾಲನ್ನು ಗೀರಿದಾಗ ಹೆಬ್ಬೆರಳು ಮೇಲಕ್ಕೇಳುವುದು. ಶಿಶುಗಳಲ್ಲಿ ಇದು ಸಹಜ; ವಯಸ್ಕರಲ್ಲಿ ಮೆದುಳು ಅಥವಾ ಬೆನ್ನುಹುರಿಯ ನರಮಾರ್ಗದ ತೊಂದರೆಯ ಸೂಚನೆ.

ವಿಶೇಷ ಸೂಚನೆ: ಈ ಚಿಹ್ನೆಗಳು ಕಾಣದಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ಭಾವಿಸತಕ್ಕದ್ದಲ್ಲ. ಇವುಗಳನ್ನು ಮನೆಯಲ್ಲಿ ಪರೀಕ್ಷಿಸುತ್ತಾ ಕಾಲಹರಣ ಮಾಡಬಾರದು.

ತಲೆನೋವಿನೊಂದಿಗೆ ಕತ್ತಿನ ಬಿಗಿತ, ಪದೇ ಪದೇ ವಾಂತಿ, ಫಿಟ್ಸ್, ಮಂಪರು ಅಥವಾ ಕೈಕಾಲುಗಳ ಬಲಹೀನತೆ ಕಂಡುಬಂದಲ್ಲಿ ಕೂಡಲೇ 108 ಸಂಖ್ಯೆಗೆ ಕರೆ ಮಾಡಿ ಆಂಬ್ಯುಲೆನ್ಸ್ ಪಡೆಯುವುದು. ಈ ಸೇವೆ ಉಚಿತ.

ನಿಮ್ಹಾನ್ಸ್ ಸಹಯೋಗದೊಂದಿಗೆ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವನ್ನು ಪ್ರಾಯೋಗಿಕವಾಗಿ ಆರಂಭಿಸಲಾದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ದೀರ್ಘಕಾಲದ ತಲೆನೋವು ಉಳ್ಳವರು ಹಿಂದಿನ ಚಿಕಿತ್ಸಾ ಚೀಟಿಗಳೊಂದಿಗೆ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಲು ಕೋರಲಾಗಿದೆ.